ಸ್ಟೆಂಟ್ ಹಾಕಿದ ಮೇಲೆ ಮುಂದೇನು? ಮೌಂಟನ್ ವ್ಯೂ ಆಸ್ಪತ್ರೆಯಿಂದ ನಾವು ಕಲಿಯಬೇಕಾದ ಪಾಠ

ಗಲ್ಫ್‌ನಲ್ಲಿ ನಾಲ್ಕು ವರ್ಷ ಇದ್ದವರಿಗೂ ಈ ಕಥೆ ಗೊತ್ತಿರುತ್ತದೆ. ನಲವತ್ತೈದು ದಾಟಿದ ಒಬ್ಬರು ರಾತ್ರಿ ಊಟ ಮಾಡಿ ಮಲಗುತ್ತಾರೆ, ಎದೆ ಉರಿ ಅಂತಾರೆ, ರೂಮಿನವರು ಗ್ಯಾಸ್ ಇರಬೇಕು ಅಂತ ಸೋಡಾ ಕೊಡುತ್ತಾರೆ. ಬೆಳಗಾಗುವಷ್ಟರಲ್ಲಿ ಆಸ್ಪತ್ರೆ, ಆಂಜಿಯೋಪ್ಲಾಸ್ಟಿ, ಸ್ಟೆಂಟ್. ಮೂರ್ನಾಲ್ಕು ದಿನದಲ್ಲಿ ಡಿಸ್ಚಾರ್ಜ್. ದೇವರು ದೊಡ್ಡವನು, ಜೀವ ಉಳಿಯಿತು.

ಆದರೆ ನಿಜವಾದ ಪ್ರಶ್ನೆ ಶುರುವಾಗುವುದು ಅಲ್ಲಿಂದ. ಎಷ್ಟು ನಡೆಯಬಹುದು? ಭಾರ ಎತ್ತಬಹುದಾ? ಕೆಲಸಕ್ಕೆ ಯಾವಾಗ ಹೋಗಬಹುದು? ಮಾತ್ರೆ ಎಷ್ಟು ದಿನ? ಊರಲ್ಲಿ ಮನೆ ಸಾಲ, ಮಕ್ಕಳ ಫೀಸು ಕಾಯುತ್ತಿರುತ್ತದೆ. ಉತ್ತರ ಹೇಳುವವರಿಲ್ಲದೆ ಒಬ್ಬರು ಹೆದರಿ ಆರು ತಿಂಗಳು ಮಂಚ ಬಿಟ್ಟು ಏಳುವುದಿಲ್ಲ, ಇನ್ನೊಬ್ಬರು ಹತ್ತೇ ದಿನಕ್ಕೆ ಸೈಟಿಗೆ ಹೋಗಿಬಿಡುತ್ತಾರೆ. ಎರಡೂ ತಪ್ಪು.

ಈ ನಡುವಿನ ದಾರಿಗೆ ವೈದ್ಯಕೀಯದಲ್ಲಿ 'ಕಾರ್ಡಿಯಾಕ್ ರಿಹ್ಯಾಬ್' ಅಂತ ಹೆಸರು. ಅಂದರೆ ಹೃದಯ ರೋಗಿಯ ಪುನಶ್ಚೇತನ.

ಮೌಂಟನ್ ವ್ಯೂನಲ್ಲಿ ಏನು ನಡೆಯುತ್ತಿದೆ?

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಅಂದ ಕೂಡಲೇ ನೆನಪಾಗುವುದು ಗೂಗಲ್ ಕಚೇರಿ. ಸುತ್ತಮುತ್ತಲಿನ ಊರುಗಳಲ್ಲಿ ಕನ್ನಡಿಗರೂ ಸೇರಿದಂತೆ ಸಾವಿರಾರು ಭಾರತೀಯ ಕುಟುಂಬಗಳಿವೆ. ಅದೇ ಊರಿನ ಎಲ್ ಕಮಿನೊ ಆಸ್ಪತ್ರೆಯಲ್ಲಿ 2006ರಲ್ಲಿ 'ಸೌತ್ ಏಷ್ಯನ್ ಹಾರ್ಟ್ ಸೆಂಟರ್' ಶುರುವಾಯಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ ಮೂಲದವರಿಗಾಗಿಯೇ ಇರುವ, ಲಾಭದ ಉದ್ದೇಶವಿಲ್ಲದ ಕೇಂದ್ರ ಇದು.

ನಮಗೆ ಅಂತ ಪ್ರತ್ಯೇಕ ಕೇಂದ್ರ ಯಾಕೆ? ಐವತ್ತೆರಡು ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ನಡು ವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ಅಂದರೆ ಆರು ವರ್ಷ ಮೊದಲೇ. ಮಗಳ ಮದುವೆ, ಮನೆ ಕಟ್ಟುವುದು ಎಲ್ಲ ಬಾಕಿ ಇರುವ ವಯಸ್ಸು ಅದು. ಹೊರಗೆ ಸಣಕಲಾಗಿ ಕಂಡರೂ ಹೊಟ್ಟೆಯೊಳಗೆ ಕೊಬ್ಬು, ಬೇಗ ಬರುವ ಸಕ್ಕರೆ ಕಾಯಿಲೆ, ಕಡಿಮೆ 'ಒಳ್ಳೆ ಕೊಲೆಸ್ಟರಾಲ್', ಇವೆಲ್ಲ ನಮ್ಮವರಲ್ಲಿ ಜಾಸ್ತಿ.

ಈ ಕೇಂದ್ರದವರು ಮೊದಲು ರಕ್ತ ಪರೀಕ್ಷೆ ಮತ್ತು ಕುಟುಂಬದ ಇತಿಹಾಸ ನೋಡಿ ಅಪಾಯ ಎಷ್ಟಿದೆ ಅಂತ ಅಳೆಯುತ್ತಾರೆ. ಆಮೇಲೆ ಒಬ್ಬ ತರಬೇತುದಾರರು ಫೋನಿನಲ್ಲಿ ಬೆನ್ನು ಹತ್ತುತ್ತಾರೆ. ಅವರು ಒತ್ತು ಕೊಡುವುದು ನಾಲ್ಕು ವಿಷಯಕ್ಕೆ: ಧ್ಯಾನ, ವ್ಯಾಯಾಮ, ಆಹಾರ, ನಿದ್ದೆ. 'ಅನ್ನ ಬಿಡಿ, ಸಲಾಡ್ ತಿನ್ನಿ' ಅಂದರೆ ನಮ್ಮವರು ಎರಡು ದಿನ ಕೇಳಿಯಾರು, ಮೂರನೇ ದಿನ ಬಿಡುತ್ತಾರೆ. ಆದ್ದರಿಂದ ನಮ್ಮ ಅಡುಗೆಯನ್ನೇ ಇಟ್ಟುಕೊಂಡು ಏನು ಬದಲಿಸಬಹುದು ಅಂತ ಹೇಳುತ್ತಾರೆ. ಈ ಕೇಂದ್ರದ ಮುಖ್ಯ ಕೆಲಸ ಹೃದಯಾಘಾತ ಬಾರದಂತೆ ತಡೆಯುವುದು. ಆಘಾತ ಆದವರಿಗೆ ಅದೇ ಆಸ್ಪತ್ರೆಯಲ್ಲಿ ರಿಹ್ಯಾಬ್ ವಿಭಾಗ ಬೇರೆ ಇದೆ.

ರಿಹ್ಯಾಬ್ ಅಂದರೆ ಬರೀ ಟ್ರೆಡ್‌ಮಿಲ್ ಅಲ್ಲ

ಒಂದು ಕಾಲದಲ್ಲಿ ಹೃದಯಾಘಾತ ಆದವರನ್ನು ನಾಲ್ಕರಿಂದ ಆರು ವಾರ ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಆಗ ದೊಡ್ಡ ವಿರೋಧ ಬಂತು. ಆದರೆ ಕೂತವರೇ ಬೇಗ ಚೇತರಿಸಿಕೊಂಡರು. ಮಲಗಿದಷ್ಟೂ ಸ್ನಾಯು ಸೋಲುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚುತ್ತದೆ ಅನ್ನುವುದು ಈಗ ಎಲ್ಲರಿಗೂ ಗೊತ್ತು.

ಈಗಿನ ರಿಹ್ಯಾಬ್‌ಗೆ ಮೂರು ಹಂತ. ಮೊದಲನೆಯದು ಆಸ್ಪತ್ರೆಯಲ್ಲಿರುವಾಗಲೇ ಎದ್ದು ಕೂರುವುದು, ನಡೆಯುವುದು. ಎರಡನೆಯದು ಡಿಸ್ಚಾರ್ಜ್ ಆದ ಮೇಲೆ ವಾರಕ್ಕೆ ಎರಡು ಮೂರು ಸಲ ಹೋಗಿ ಇಸಿಜಿ ನೋಡುತ್ತಾ ಮಾಡುವ ವ್ಯಾಯಾಮ, ಜೊತೆಗೆ ಆಹಾರ, ಔಷಧ, ಮನಸ್ಸಿನ ಬಗ್ಗೆ ಸಲಹೆ. ಮೂರನೆಯದು ಜೀವನಪೂರ್ತಿ ತಾವೇ ಮಾಡಿಕೊಂಡು ಹೋಗುವುದು. ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಸಾಮಾನ್ಯವಾಗಿ 36 ಸೆಷನ್‌ಗಳ ಖರ್ಚು ಭರಿಸುತ್ತದೆ. ಇಷ್ಟಿದ್ದೂ ಅಲ್ಲಿಯೇ ಅರ್ಹ ರೋಗಿಗಳಲ್ಲಿ ಹೆಚ್ಚಿನವರು ಹೋಗುವುದಿಲ್ಲ. ದೂರ, ಸಮಯ, ಕೆಲಸ, ನಮ್ಮದೇ ಕಾರಣಗಳು.

ಹೋದವರಿಗೆ ಲಾಭ ಏನು? ಹೃದಯ ಕಾಯಿಲೆಯಿಂದ ಸಾಯುವ ಮತ್ತು ಮತ್ತೆ ಆಸ್ಪತ್ರೆ ಸೇರುವ ಸಾಧ್ಯತೆ ಕಡಿಮೆಯಾಗುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ.

ನಮ್ಮ ದೇಶದಲ್ಲೂ ಒಂದು ಒಳ್ಳೆ ಪ್ರಯೋಗ ಆಗಿದೆ. 'ಯೋಗ-ಕೇರ್' ಅಂತ ಹೆಸರು. 24 ಆಸ್ಪತ್ರೆಗಳ 3,959 ರೋಗಿಗಳಲ್ಲಿ ಅರ್ಧ ಜನರಿಗೆ ಮೂರು ತಿಂಗಳಲ್ಲಿ 13 ಯೋಗ ತರಗತಿ ಕೊಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸಾವು, ಮತ್ತೊಂದು ಆಘಾತ ಕಡಿಮೆಯಾಯಿತು ಅಂತ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಆದರೆ ಯೋಗ ಮಾಡಿದವರ ಆರೋಗ್ಯ ತಾವೇ ಹೇಳಿಕೊಂಡಂತೆ ಉತ್ತಮವಾಗಿತ್ತು, ಹಿಂದಿನ ದಿನಚರಿಗೆ ಅವರು ಹೆಚ್ಚು ಚೆನ್ನಾಗಿ ಮರಳಿದರು. ಯಂತ್ರ ಬೇಡ, ದೊಡ್ಡ ಖರ್ಚಿಲ್ಲ, ಒಂದು ಚಾಪೆ ಸಾಕು. ಕೂಲಿ ಕೆಲಸದವರಿಗೆ ಇದು ಸಣ್ಣ ವಿಷಯವಲ್ಲ.

ಲೇಬರ್ ಕ್ಯಾಂಪಿನಲ್ಲಿ, ರೂಮಿನಲ್ಲಿ ಏನು ಮಾಡಬಹುದು?

ಎಲ್ಲರಿಗೂ ಮೌಂಟನ್ ವ್ಯೂ ಸಿಗುವುದಿಲ್ಲ ನಿಜ. ಆದರೆ ಅಲ್ಲಿ ಕಲಿಸುವುದರಲ್ಲಿ ಮುಕ್ಕಾಲು ಪಾಲು ಇಲ್ಲಿಯೂ ಸಾಧ್ಯ. ಡಾಕ್ಟರ ಒಪ್ಪಿಗೆ ಪಡೆದ ಮೇಲೆ ಹೀಗೆ ಮಾಡಿ.

ನಡಿಗೆ: ಸಮತಟ್ಟಾದ ಜಾಗದಲ್ಲಿ ಐದು ನಿಮಿಷದಿಂದ ಶುರು ಮಾಡಿ, ದಿನಕ್ಕೆ ಎರಡು ಸಲ. ನಿಧಾನವಾಗಿ ಒಂದೆರಡು ನಿಮಿಷ ಹೆಚ್ಚಿಸುತ್ತಾ ಅರ್ಧ ಗಂಟೆಗೆ ತನ್ನಿ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಆದರೆ ಹಾಡು ಹೇಳಲು ಆಗಬಾರದು. ಅದೇ ಸರಿಯಾದ ವೇಗ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ.

ಮಾತ್ರೆ: ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಎರಡು ಬಗೆಯ ಮಾತ್ರೆ ಕೊಡುತ್ತಾರೆ, ಹೃದಯಾಘಾತದ ನಂತರ ಹೆಚ್ಚಾಗಿ ಒಂದು ವರ್ಷದವರೆಗೆ. ಹುಷಾರಾದೆ ಅಂತ ತಾನಾಗಿ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಊರಿಗೆ ಹೋಗುವಾಗ ಮಾತ್ರೆ ಮುಗಿಯದಂತೆ ನೋಡಿಕೊಳ್ಳಿ, ಡಿಸ್ಚಾರ್ಜ್ ಸಮ್ಮರಿಯ ಫೋಟೋ ಫೋನಿನಲ್ಲಿರಲಿ.

ಊಟ: ಬಂಗುಡೆ, ಬೂತಾಯಿ ಹೃದಯಕ್ಕೆ ಒಳ್ಳೆಯದೇ, ಆದರೆ ಫ್ರೈ ಬಿಟ್ಟು ಪುಳಿಮುಂಚಿ ಮಾಡಿ. ಒಣಮೀನು, ಉಪ್ಪಿನಕಾಯಿ, ಹಪ್ಪಳದಲ್ಲಿ ಉಪ್ಪು ವಿಪರೀತ. ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ, ತರಕಾರಿ, ಕಾಳು ಒಂದು ಸೌಟು ಜಾಸ್ತಿ. ದಿನಕ್ಕೆ ಐದು ಕರಕ್ ಚಾ ಕುಡಿಯುವವರು ಸಕ್ಕರೆ ಎಷ್ಟಾಯಿತು ಅಂತ ಒಮ್ಮೆ ಲೆಕ್ಕ ಹಾಕಿ. ಸಿಗರೇಟು, ಗುಟ್ಕಾ ಪೂರ್ತಿ ಬಂದ್.

ಕೆಲಸ: ಬೈಪಾಸ್ ಆದವರ ಎದೆಗೂಡಿನ ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು, ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ. ಬಿಸಿಲಿನಲ್ಲಿ ದುಡಿಯುವವರು 'ಲೈಟ್ ಡ್ಯೂಟಿ' ಅಂತ ಡಾಕ್ಟರಿಂದ ಬರೆಸಿ ಕಂಪೆನಿಗೆ ಕೊಡಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಿನ ಕೆಲಸ ನಿಷೇಧ ಇದೆ. ಹೃದಯ ರೋಗಿಗೆ ಆ ಸಮಯ ಬಿಟ್ಟು ಬೇರೆ ಹೊತ್ತಿನ ಬಿಸಿಲೂ ಅಪಾಯವೇ.

ಮನಸ್ಸು: ಹೃದಯಾಘಾತ ಆದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಮಾತು ಕಡಿಮೆಯಾಯಿತು, ನಿದ್ದೆ ಬರುತ್ತಿಲ್ಲ, ಮನೆಗೆ ಫೋನ್ ಮಾಡುತ್ತಿಲ್ಲ ಅಂದರೆ ರೂಮಿನವರು ಗಮನಿಸಬೇಕು. ಅದು ಹೇಡಿತನ ಅಲ್ಲ, ಕಾಯಿಲೆಯ ಭಾಗ. ಚಿಕಿತ್ಸೆ ಇದೆ.

ಊರಲ್ಲಿರುವ ಅಪ್ಪ ಅಮ್ಮನಿಗೆ

ಕರ್ನಾಟಕ ಸರ್ಕಾರದ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯಡಿ ಆಯ್ದ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಡುತ್ತಾರೆ. ಆಮೇಲೆ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಮನೆಯವರಿಗೆ ಇಷ್ಟು ಹೇಳಿಡಿ: ಎದೆನೋವು ಬಂದರೆ ಸೋಡಾ ಬೇಡ, 108ಕ್ಕೆ ಫೋನ್ ಮಾಡಿ. ಇಲ್ಲಿ ಯುಎಇಯಲ್ಲಿ ಆಂಬುಲೆನ್ಸ್‌ಗೆ 998, ಸೌದಿಯಲ್ಲಿ 997, ಕತಾರ್ ಮತ್ತು ಬಹರೈನ್‌ನಲ್ಲಿ 999, ಕುವೈತ್‌ನಲ್ಲಿ 112, ಒಮಾನ್‌ನಲ್ಲಿ 9999.

ಕೊನೆಗೊಂದು ಮಾತು. ನಮ್ಮ ಸಂಘಟನೆಗಳು ವರ್ಷಕ್ಕೊಮ್ಮೆ ರಕ್ತದಾನ ಶಿಬಿರ, ಕ್ರಿಕೆಟ್ ಟೂರ್ನಮೆಂಟ್ ಚೆನ್ನಾಗಿಯೇ ಮಾಡುತ್ತವೆ. ಅದರ ಜೊತೆಗೆ ಆಸ್ಪತ್ರೆಯಿಂದ ಬಂದವರ ಪಟ್ಟಿ ಒಂದಿರಲಿ. ವಾರಕ್ಕೊಮ್ಮೆ ಒಬ್ಬರು ಫೋನ್ ಮಾಡಿ 'ಅಣ್ಣ, ಮಾತ್ರೆ ತಗೊಂಡ್ರಾ? ಇವತ್ತು ಎಷ್ಟು ನಡೆದ್ರಿ?' ಅಂತ ಕೇಳಿದರೆ ಸಾಕು. ಮೌಂಟನ್ ವ್ಯೂನಲ್ಲಿ ತರಬೇತುದಾರರು ಫೋನಿನಲ್ಲಿ ಮಾಡುವ ಕೆಲಸವೂ ಹೆಚ್ಚುಕಮ್ಮಿ ಇದೇ ಅಲ್ವಾ? ಸ್ಟೆಂಟ್ ಹಾಕುವುದು ಡಾಕ್ಟರ ಕೆಲಸ. ಆಮೇಲೆ ಕೈ ಹಿಡಿದು ನಡೆಸುವುದು ನಮ್ಮ ಕೆಲಸ.