ಸಣ್ಣ ಮೊತ್ತದ ಪಾವತಿಗೆ ಸೇವಾದಾರರ ಆಯ್ಕೆ: ಗ್ರಾಮ ಪಂಚಾಯತಿ ಸದಸ್ಯರು ಪರಿಶೀಲಿಸಬೇಕಾದ ಅಂಶಗಳು

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಂತಹ ಗ್ರಾಮ ಪಂಚಾಯತಿಯ ಕಛೇರಿಗೆ ಬರುವ ಹಣದಲ್ಲಿ ದೊಡ್ಡ ಮೊತ್ತಗಳು ವಿರಳ. ನೀರಿನ ದರ, ಮನೆ ಕಂದಾಯದ ಕಂತು, ಪ್ರಮಾಣಪತ್ರದ ಶುಲ್ಕ, ಸಂತೆಯ ನೆಲಬಾಡಿಗೆ ಇವೆಲ್ಲ ಹತ್ತಿಪ್ಪತ್ತು ರೂಪಾಯಿಯಿಂದ ಕೆಲವು ನೂರರವರೆಗಿನ ಪಾವತಿಗಳು. ಇಂತಹ ಪಾವತಿಗಳನ್ನು ಕಾರ್ಡ್ ಅಥವಾ ಮೊಬೈಲ್ ಮೂಲಕ ಸ್ವೀಕರಿಸಲು ಯಾವ ಸೇವಾದಾರರನ್ನು ಆಯ್ದುಕೊಳ್ಳಬೇಕೆಂಬ ವಿಷಯವು ಈಗ ಅನೇಕ ಪಂಚಾಯತಿಗಳ ಸಾಮಾನ್ಯ ಸಭೆಯ ಮುಂದೆ ಬರುತ್ತಿದೆ.

2023ರಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು ಆ ವರ್ಷದ ಆಗಸ್ಟ್ 15ರಿಂದ ದೇಶದ ಎಲ್ಲ ಪಂಚಾಯತಿಗಳೂ ಯುಪಿಐ ಬಳಸುವಂತಾಗಬೇಕೆಂದು ಸೂಚಿಸಿತ್ತು. ಜುಲೈ ತಿಂಗಳೊಳಗೆ ಸೇವಾದಾರರನ್ನು ಆಯ್ಕೆ ಮಾಡಿಕೊಳ್ಳುವಂತೆ ತಿಳಿಸಿ, ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್, ಭಾರತ್‌ಪೇ ಮುಂತಾದವುಗಳ ಪಟ್ಟಿಯನ್ನೂ ನೀಡಿತ್ತು. ಅಷ್ಟು ಅಲ್ಪಾವಧಿಯಲ್ಲಿ ಯಾರ ಪ್ರತಿನಿಧಿ ಮೊದಲು ಬಂದರೋ ಅವರ ಕ್ಯೂಆರ್ ಫಲಕವೇ ಗೋಡೆಯನ್ನು ಸೇರುವುದು ಸಹಜ. ಆದರೆ ಒಪ್ಪಂದವನ್ನು ನವೀಕರಿಸುವಾಗಲಾದರೂ ಷರತ್ತುಗಳನ್ನು ಓದಿ ನೋಡುವುದು ಅಗತ್ಯ.

ಸೇವಾದಾರರ ಪ್ರತಿನಿಧಿಗಳು ಸಾಮಾನ್ಯವಾಗಿ ಶೇಕಡಾವಾರು ಶುಲ್ಕವನ್ನೇ ಮುಂದಿಟ್ಟು ಮಾತನಾಡುತ್ತಾರೆ. ಈ ಶುಲ್ಕಕ್ಕೆ ಎಂಡಿಆರ್ ಎಂದು ಹೆಸರು. ಡೆಬಿಟ್ ಕಾರ್ಡುಗಳಿಗೆ ಭಾರತೀಯ ರಿಸರ್ವ್ ಬ್ಯಾಂಕು 2018ರ ಜನವರಿ 1ರಿಂದ ಇದಕ್ಕೆ ಗರಿಷ್ಠ ಮಿತಿ ವಿಧಿಸಿದೆ. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ಸ್ವೀಕರ್ತರಿಗೆ ಯಂತ್ರದ ಮೂಲಕ ಶೇ 0.40, ಅದಕ್ಕಿಂತ ಹೆಚ್ಚಿನ ವಹಿವಾಟಿನವರಿಗೆ ಶೇ 0.90 ಆ ಮಿತಿ. ಪಂಚಾಯತಿಯನ್ನು ಯಾವ ವರ್ಗದಲ್ಲಿ ಸೇರಿಸಲಾಗಿದೆ ಎಂಬುದನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆಯಬೇಕು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡ್ ಹಾಗೂ ಭೀಮ್-ಯುಪಿಐ ಪಾವತಿಗಳಿಗೆ ಎಂಡಿಆರ್ ಪೂರ್ಣವಾಗಿ ರದ್ದಾಗಿದೆ. 2014ರಲ್ಲಿ ಆರಂಭವಾದ ಜನಧನ ಯೋಜನೆಯ ಖಾತೆಗಳಿಗೆ ನೀಡಲಾದುದು ರುಪೇ ಕಾರ್ಡೇ ಆದುದರಿಂದ, ಗ್ರಾಮಸ್ಥರ ಪಾವತಿಗಳಲ್ಲಿ ಗಣನೀಯ ಭಾಗಕ್ಕೆ ಶೇಕಡಾವಾರು ಶುಲ್ಕವೇ ಬೀಳಬಾರದು. ಕ್ರೆಡಿಟ್ ಕಾರ್ಡಿಗೆ ಮಾತ್ರ ರಿಸರ್ವ್ ಬ್ಯಾಂಕಿನ ಇಂತಹ ಮಿತಿಯಿಲ್ಲ. ಹತ್ತಿಪ್ಪತ್ತು ರೂಪಾಯಿಯ ಶುಲ್ಕಕ್ಕೆ ಅದನ್ನು ಸ್ವೀಕರಿಸಲೇಬೇಕೆಂಬ ಅನಿವಾರ್ಯತೆಯೂ ಪಂಚಾಯತಿಗಿಲ್ಲ.

ಪಂಚಾಯತಿಗೆ ನಿಜವಾಗಿ ಹೊರೆಯಾಗುವುದು ಸ್ಥಿರ ವೆಚ್ಚ. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ತಿಂಗಳಲ್ಲಿ 300 ಪಾವತಿಗಳು, ಪ್ರತಿಯೊಂದೂ ಸರಾಸರಿ 60 ರೂ. ಎಂದರೆ ಒಟ್ಟು 18,000 ರೂ. ವಸೂಲಾಯಿತೆಂದು ಭಾವಿಸೋಣ. ಕಾರ್ಡ್ ಯಂತ್ರದ ಮಾಸಿಕ ಬಾಡಿಗೆ 400 ರೂ., ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 472 ರೂ. ಎಲ್ಲ ಪಾವತಿಗಳಿಗೂ ಶೇ 0.90 ಶುಲ್ಕ ತೆತ್ತರೂ ಅದು 162 ರೂ. ಮಾತ್ರ. ಒಟ್ಟು ವೆಚ್ಚವಾದ 634 ರೂ.ಗಳಲ್ಲಿ ಮುಕ್ಕಾಲು ಪಾಲು ಬಾಡಿಗೆಯದೇ. ಇನ್ನು ವಸೂಲಿ ಮಂದವಾದ ತಿಂಗಳನ್ನು ನೋಡಿದರೆ ಚಿತ್ರ ಮತ್ತಷ್ಟು ಸ್ಪಷ್ಟವಾಗುತ್ತದೆ. ಕೇವಲ 40 ಪಾವತಿಗಳಿಂದ 2,400 ರೂ. ಬಂದರೂ ಬಾಡಿಗೆ 472 ರೂ. ಹಾಗೆಯೇ ಉಳಿಯುತ್ತದೆ, ವಸೂಲಾದ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 20 ರೂ. ಯಂತ್ರಕ್ಕೇ ಸಲ್ಲುತ್ತದೆ. ಮೆಕ್ಕೆಜೋಳ ಮಾರಾಟವಾದ ಮೇಲೆ ಹಾಗೂ ಮಾರ್ಚ್ ಅಂತ್ಯದಲ್ಲಿ ವಸೂಲಿ ಏರಿ, ಉಳಿದ ತಿಂಗಳುಗಳಲ್ಲಿ ಇಳಿಯುವ ಊರುಗಳಲ್ಲಿ ಇದು ಚಿಕ್ಕ ವಿಷಯವಲ್ಲ.

ಬಾಡಿಗೆಯಿಲ್ಲವೆಂದು ಹೇಳಿ ಪ್ರತಿ ಪಾವತಿಗೆ 2 ರೂ. ಕೇಳುವ ಸೇವಾದಾರರೂ ಇರಬಹುದು. ಸಾವಿರ ರೂಪಾಯಿಯ ಕಂದಾಯಕ್ಕೆ ಈ 2 ರೂ. ನಗಣ್ಯ, 20 ರೂ. ಶುಲ್ಕಕ್ಕೆ ಅದೇ ಶೇ 10 ಆಗುತ್ತದೆ. ಆದುದರಿಂದ ದರಪಟ್ಟಿ ತರಿಸುವಾಗ ಶೇಕಡಾವಾರು ದರವೊಂದನ್ನೇ ಕೇಳಬಾರದು. ಕಳೆದ ವರ್ಷದ ರಸೀದಿ ಪುಸ್ತಕಗಳಿಂದ ಪಾವತಿಗಳ ಸಂಖ್ಯೆ ಮತ್ತು ಸರಾಸರಿ ಮೊತ್ತವನ್ನು ತೆಗೆದು, ಬಾಡಿಗೆ, ಸ್ಥಾಪನಾ ಶುಲ್ಕ, ಸಿಮ್ ಶುಲ್ಕ, ಕನಿಷ್ಠ ಮಾಸಿಕ ಶುಲ್ಕ, ಕಾಗದದ ಸುರುಳಿ ಎಲ್ಲವೂ ಸೇರಿ ಹನ್ನೆರಡು ತಿಂಗಳಿಗೆ ಎಷ್ಟಾಗುವುದೆಂದು ಕೇಳಬೇಕು. 2,000 ರೂ.ವರೆಗಿನ ಕಾರ್ಡ್ ಪಾವತಿಯ ಇತ್ಯರ್ಥಕ್ಕಾಗಿ ಬ್ಯಾಂಕು ವಿಧಿಸುವ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದನ್ನೂ ಬಿಲ್ಲು ಪರಿಶೀಲಿಸುವಾಗ ನೆನಪಿಡಬೇಕು. ಯಂತ್ರದ ಬಾಡಿಗೆಗೆ ಈ ವಿನಾಯಿತಿ ಅನ್ವಯಿಸದು. ವೆಚ್ಚ ಎಷ್ಟೇ ಆಗಲಿ, ಡೆಬಿಟ್ ಕಾರ್ಡಿನಿಂದ ಪಾವತಿಸುವ ಗ್ರಾಮಸ್ಥರಿಂದ ಅದನ್ನು ಹೆಚ್ಚುವರಿಯಾಗಿ ವಸೂಲು ಮಾಡುವಂತಿಲ್ಲ.

ಇಷ್ಟೆಲ್ಲ ನೋಡಿದರೆ, ಬಹುತೇಕ ಸಣ್ಣ ಪಂಚಾಯತಿಗಳಿಗೆ ಪಂಚಾಯತಿಯ ಹೆಸರಿನ ಯುಪಿಐ ಕ್ಯೂಆರ್ ಫಲಕವೇ ಮೊದಲ ಆಯ್ಕೆಯಾಗುವುದು ಯುಕ್ತ. ಕಾರ್ಡ್ ಯಂತ್ರ ಬೇಕೆನಿಸಿದರೆ ಕಛೇರಿಗೆ ಒಂದೇ ಸಾಕು. ಸ್ಪರ್ಶರಹಿತ ಕಾರ್ಡಿನಿಂದ 5,000 ರೂ.ವರೆಗೆ ಪಿನ್ ಇಲ್ಲದೆ ಪಾವತಿಸಲು 2021ರಿಂದ ಅವಕಾಶವಿರುವುದರಿಂದ, ಆ ಸೌಲಭ್ಯವಿರುವ ಯಂತ್ರವನ್ನೇ ಕೇಳುವುದು ಒಳ್ಳೆಯದು. ಹಣ ಬಂದುದನ್ನು ಕನ್ನಡದಲ್ಲಿ ಕೂಗಿ ಹೇಳುವ ಧ್ವನಿಪೆಟ್ಟಿಗೆ ಜನದಟ್ಟಣೆಯ ದಿನ ಉಪಯುಕ್ತ. ಅದಕ್ಕೂ ಬಾಡಿಗೆಯುಂಟು ಎಂಬುದನ್ನು ಮರೆಯಬಾರದು.

ದರಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಹಣ ಯಾರ ಖಾತೆಗೆ, ಎಂದು ಮತ್ತು ಯಾವ ವಿವರದೊಂದಿಗೆ ಸೇರುತ್ತದೆ ಎಂಬುದೇ ಅದು. ಕರವಸೂಲಿಗಾರರ ಅಥವಾ ಇತರ ಸಿಬ್ಬಂದಿಯ ವೈಯಕ್ತಿಕ ಮೊಬೈಲ್ ಸಂಖ್ಯೆಗೆ ಪಂಚಾಯತಿಯ ಹಣ ಬರುವುದು ಯಾವ ಸಂದರ್ಭದಲ್ಲಿಯೂ ಸಲ್ಲದು. ಸಂಜೆ ಅವರು ಅದನ್ನು ಪ್ರಾಮಾಣಿಕವಾಗಿ ಜಮಾ ಮಾಡಿದರೂ ಸಲ್ಲದು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಗ್ರಾಮ ಪಂಚಾಯತಿಯ ಹೆಸರೇ ಮೂಡಬೇಕು. ಫಲಕದ ಮೇಲೆ ಬೇರೆಯವರು ತಮ್ಮ ಕ್ಯೂಆರ್ ಚೀಟಿ ಅಂಟಿಸುವ ವಂಚನೆಯೂ ನಡೆಯುವುದರಿಂದ, ಪ್ರತಿದಿನ ಬೆಳಿಗ್ಗೆ ಒಮ್ಮೆ ಸ್ಕ್ಯಾನ್ ಮಾಡಿ ಹೆಸರನ್ನು ನೋಡುವ ರೂಢಿ ಬೆಳೆಯಬೇಕು.

ಬ್ಯಾಂಕಿನ ವಿವರಪಟ್ಟಿಯಲ್ಲಿ ಒಂದು ದಿನದ ಎಲ್ಲ ಪಾವತಿಗಳೂ ಒಂದೇ ಮೊತ್ತವಾಗಿ, ಅದೂ ಶುಲ್ಕ ಕಳೆದ ಮೊತ್ತವಾಗಿ ಕಾಣಿಸಿಕೊಂಡರೆ, ಯಾರ ನೀರಿನ ದರ ಸಂದಾಯವಾಯಿತೆಂದು ತಿಳಿಯುವುದು ಕಷ್ಟ. ಹಣ ಕಟ್ಟಿದ ಕುಟುಂಬದ ಹೆಸರು ಬೇಡಿಕೆ ವಹಿಯಲ್ಲಿ ಬಾಕಿಯೆಂದೇ ಉಳಿಯುತ್ತದೆ. ಮುಂದಿನ ವರ್ಷ ನೋಟಿಸು ಹೋಗುತ್ತದೆ. ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳು ಸಾವಿರ ವರ್ಷಗಳ ಹಿಂದಿನ ದತ್ತಿಗಳನ್ನು ಇಂದಿಗೂ ಉಳಿಸಿಕೊಂಡಿರುವಾಗ, ಕಳೆದ ತಿಂಗಳ ಅರವತ್ತು ರೂಪಾಯಿಗೆ ದಾಖಲೆಯಿಲ್ಲವೆಂದರೆ ಗ್ರಾಮಸ್ಥರು ಒಪ್ಪುವುದು ಹೇಗೆ? ಆದುದರಿಂದ ಪ್ರತಿ ಪಾವತಿಯ ಪೂರ್ಣ ಮೊತ್ತ, ಸಮಯ ಹಾಗೂ ವ್ಯವಹಾರ ಸಂಖ್ಯೆಯಿರುವ ದೈನಂದಿನ ಪಟ್ಟಿಯನ್ನು ಸೇವಾದಾರರು ಒದಗಿಸಬೇಕು, ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸಬೇಕು. ಆ ಪಟ್ಟಿಯನ್ನು ಪಂಚತಂತ್ರ ತಂತ್ರಾಂಶದ ರಸೀದಿಗಳೊಂದಿಗೆ ಅದೇ ದಿನ ತಾಳೆ ನೋಡಬೇಕು.

ಗ್ರಾಮಸ್ಥರ ಖಾತೆಯಿಂದ ಹಣ ಕಡಿತವಾಗಿ, ಪಂಚಾಯತಿಗೆ ಖಚಿತತೆ ಬಾರದಿರುವ ಸಂದರ್ಭಗಳು ಮೊಬೈಲ್ ಸಂಪರ್ಕ ದುರ್ಬಲವಾಗಿರುವೆಡೆ ಆಗಾಗ ಎದುರಾಗುತ್ತವೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಕಾರ್ಡ್ ಯಂತ್ರ ಅಥವಾ ಯುಪಿಐ ಮೂಲಕ ಸ್ವೀಕರ್ತರಿಗೆ ಮಾಡಿದ ಪಾವತಿ ಹೀಗೆ ವಿಫಲವಾದರೆ, ವ್ಯವಹಾರ ನಡೆದ ದಿನದಿಂದ 5 ದಿನಗಳೊಳಗೆ ಹಣ ತಾನಾಗಿಯೇ ಮರಳಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ ಸಲ್ಲಬೇಕು. ಈ ನಿಯಮವನ್ನು ಕೌಂಟರಿನ ಬಳಿ ಬರೆದು ಹಾಕಿದರೆ ಎಷ್ಟೋ ವಾಗ್ವಾದಗಳು ತಪ್ಪುತ್ತವೆ. ಮೊಬೈಲ್ ಪರದೆಯ ಚಿತ್ರವನ್ನು ಮಾತ್ರ ನಂಬಿ ರಸೀದಿ ಕೊಡಬಾರದು. ಹಾಗೆಂದು ಬಂದವರನ್ನು ಗದರಿಸಿ ಕಳುಹಿಸುವುದೂ ಸರಿಯಲ್ಲ. ವ್ಯವಹಾರ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಮರುದಿನದ ಪಟ್ಟಿಯಲ್ಲಿ ನೋಡಿ ತಿಳಿಸಬಹುದು. ಸ್ಮಾರ್ಟ್‌ಫೋನ್ ಇಲ್ಲದವರಿಗೆ 2022ರಲ್ಲಿ ಆರಂಭವಾದ ಯುಪಿಐ 123ಪೇ ಇದೆಯಾದರೂ, ನಗದು ಕೌಂಟರನ್ನು ಮುಚ್ಚುವ ಕಾಲ ಇನ್ನೂ ಬಂದಿಲ್ಲ.

ಠರಾವು ಮಂಡಿಸುವ ಮುನ್ನ ಒಪ್ಪಂದದ ಕೊನೆಯ ಪುಟಗಳನ್ನು ಸದಸ್ಯರು ಓದಿಸಿಕೊಳ್ಳಬೇಕು. ಯಂತ್ರ ಹಿಂದಿರುಗಿಸಲು ದಂಡವಿದೆಯೇ, ಉಚಿತ ಅವಧಿ ಮುಗಿದ ಮೇಲೆ ಬಾಡಿಗೆ ಎಷ್ಟು, ಯಂತ್ರ ಕೆಟ್ಟರೆ ಎಷ್ಟು ದಿನಗಳಲ್ಲಿ ಹರಪನಹಳ್ಳಿಯಿಂದಲೋ ಹೊಸಪೇಟೆಯಿಂದಲೋ ಯಾರು ಬಂದು ಸರಿಪಡಿಸುತ್ತಾರೆ, ಶುಲ್ಕ ಹೆಚ್ಚಿಸುವ ಮುನ್ನ ಎಷ್ಟು ದಿನಗಳ ಸೂಚನೆ ಕೊಡುತ್ತಾರೆ ಎಂಬ ವಿವರಗಳು ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಪ್ರತಿನಿಧಿಯು ಬಾಯಿಮಾತಿನಲ್ಲಿ ನೀಡಿದ ಭರವಸೆ ಆ ಪುಟಗಳಲ್ಲಿ ಇಲ್ಲದಿದ್ದರೆ, ಅದನ್ನು ಬರೆಸಿ ಸಹಿ ಪಡೆದ ಮೇಲೆಯೇ ಸಭಾ ನಡವಳಿಯಲ್ಲಿ ಸೇವಾದಾರರ ಹೆಸರನ್ನು ನಮೂದಿಸಬೇಕು.