ಮನೆಯ ಪಾಲು, ಅಪೀಲಿನ ವಾಯಿದೆ

ಡೊಂಬಿವಲಿ, ಕಲ್ಯಾಣಗಳಲ್ಲಿ ದಂಪತಿಗಳು ಜೋಡಿಹೆಸರಿನಲ್ಲಿ ಸಾಲಮಾಡಿ ಕೊಂಡ ಬ್ಲಾಕು ವಿಚ್ಛೇದನವಾದೊಡನೆ ತಾನಾಗಿಯೇ ಸರಿಪಾಲಾಗುವುದೆಂಬ ನಂಬಿಕೆ ನಮ್ಮವರಲ್ಲಿ ಬಹಳ. ಹಾಗೆ ಹೇಳುವ ಕಾಯಿದೆ ನಮ್ಮಲ್ಲಿಲ್ಲ. ದಸ್ತಾವೇಜು ಯಾರದು, ಹಣ ಯಾರದು ಎಂಬುದನ್ನೇ ಕೋರ್ಟು ನೋಡುತ್ತದೆ. ಆದುದರಿಂದ ಹೆಂಡತಿಯಾದವಳು ತಾನು ಕಟ್ಟಿದ ಕಂತುಗಳ ಪಾವತಿಗಳನ್ನು ಕಾದಿಡಬೇಕು. (ಗಂಡಂದಿರೂ ಅಷ್ಟೇ!)

ಠಾಣೆಯ ಕುಟುಂಬ ನ್ಯಾಯಾಲಯದ ತೀರ್ಪು ಒಪ್ಪಿಗೆಯಾಗದಿದ್ದರೆ ಮುಂಬಯಿ ಹೈಕೋರ್ಟಿಗೆ ಅಪೀಲು ಹೋಗಬಹುದು. ವಾಯಿದೆ 1984ರ ಕುಟುಂಬ ನ್ಯಾಯಾಲಯ ಕಾಯಿದೆಯಂತೆ 30 ದಿನ, 1955ರ ಹಿಂದೂ ವಿವಾಹ ಕಾಯಿದೆಯಂತೆ 90. ಹಿಂದೂ ವಿವಾಹ ಕಾಯಿದೆಯ ಡಿಕ್ರಿಗೆ 90 ದಿನವೇ ಸರಿಯೆಂದು 2016ರಲ್ಲಿ ಹೈಕೋರ್ಟಿನ ಪೂರ್ಣಪೀಠ ಹೇಳಿತು. ಆದರೂ ಮನೆಯ ತಕರಾರು ಬೇರೆ ಕಾಯಿದೆಗೆ ಸೇರಿದ್ದಿರಬಹುದು. 30 ಎಂದೇ ಎಣಿಸುವುದು ಕ್ಷೇಮ. ಅಪೀಲು ಹಾಕಿದ ಮಾತ್ರಕ್ಕೆ ಜಾರಿ ನಿಲ್ಲದು, ತಡೆಯಾಜ್ಞೆಯನ್ನು ಬೇರೆಯಾಗಿ ಬೇಡಬೇಕು. ಇನ್ನು, ಇಬ್ಬರೂ ಸಹಿಮಾಡಿದ ರಾಜಿಯ ಮೇಲೆ ಆದ ಡಿಕ್ರಿಗೆ ಅಪೀಲೇ ಇಲ್ಲ.