ಮೂರು ಸೆಕೆಂಡಿನ ಕೆಲಸಕ್ಕೊಂದು ಬ್ಯಾಟರಿ

ಇಪ್ಪತ್ತೈದು ಮೂವತ್ತು ಅಡಿ ಉದ್ದದ ಹಾಯಿದೋಣಿಗೆ ಗಾಳಿ ಬಿದ್ದುಹೋದಾಗಲೂ ಬಂದರಿನ ಇಕ್ಕಟ್ಟಿನಲ್ಲಿ ಹೊರಳಬೇಕಾದಾಗಲೂ ನೆರವಾಗುವುದು ಒಂದೆರಡು ಸಿಲಿಂಡರುಗಳ ಪುಟ್ಟ ಡೀಸೆಲ್ ಎಂಜಿನ್ನು. ಅದನ್ನು ಚಾಲೂ ಮಾಡಲು ಎಂಥ ಬ್ಯಾಟರಿ ಬೇಕೆಂಬ ಪ್ರಶ್ನೆಗೆ ಅಂಗಡಿಯಲ್ಲಿ ಸಿಗುವ ಉತ್ತರ 'ಜಾಗಕ್ಕೆ ಹಿಡಿಸುವಷ್ಟು ದೊಡ್ಡದು' ಎಂದಾದರೆ, ಎಂಜಿನ್ನಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದವರಿಗೆ ದೊರೆಯುವ ಉತ್ತರವೇ ಬೇರೆ.

ಜಪಾನಿನ ಯಾನ್ಮಾರ್ ಕಂಪನಿಯ 1ಜಿಎಂ10 ಎಂಬ ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದೇ ಸಿಲಿಂಡರು, 318 ಘನ ಸೆಂಟಿಮೀಟರ್ ಗಾತ್ರ, ಸುಮಾರು 9 ಅಶ್ವಶಕ್ತಿ. ಅದನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು 12 ವೋಲ್ಟಿನದು, 1 ಕಿಲೋವಾಟಿನದು. ಅಂಥ ಮೋಟಾರು ಹೊರೆ ಹೊತ್ತು ತಿರುಗುವಾಗ 200 ಆಂಪಿಯರ್ ಎಳೆಯುತ್ತದೆಂದೂ ಎಂಜಿನ್ನು ಮೂರು ಸೆಕೆಂಡಿನಲ್ಲಿ ಹೊತ್ತಿಕೊಳ್ಳುತ್ತದೆಂದೂ ಹಿಡಿದರೆ ಖರ್ಚಾಗುವುದು 600 ಆಂಪಿಯರ್-ಸೆಕೆಂಡು, ಅಂದರೆ ಒಂದು ಆಂಪಿಯರ್-ಗಂಟೆಯ ಆರನೆಯ ಒಂದು ಪಾಲು. 70 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ನಾನೂರರಲ್ಲಿ ಒಂದು ಭಾಗದಷ್ಟೂ ಅಲ್ಲ. ಎಂಜಿನ್ನು ಓಡತೊಡಗಿದ ಮೇಲೆ 35 ಆಂಪಿಯರಿನ ಸಾಧಾರಣ ಆಲ್ಟರ್ನೇಟರು ಕೂಡ ಅದನ್ನು ಒಂದು ನಿಮಿಷದೊಳಗೆ ತುಂಬಿಕೊಡಬಲ್ಲದು. ಈ ಲೆಕ್ಕದ ಬೆರಗು ಎಷ್ಟು ಸಲ ಮಾಡಿದರೂ ಕಡಿಮೆಯಾಗುವಂಥದಲ್ಲ.

ಹಾಗಾದರೆ ಬ್ಯಾಟರಿಯಿಂದ ಎಂಜಿನ್ನು ನಿಜವಾಗಿ ಕೇಳುವುದೇನು? ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಅದರ ಮೂಲ ಗಾತ್ರದ ಸುಮಾರು ಇಪ್ಪತ್ತಮೂರನೆಯ ಒಂದು ಪಾಲಿಗೆ ಅದುಮಿದಾಗ ಏರುವ ಕಾವಿನಿಂದಲೇ ಇಂಧನ ಹೊತ್ತಬೇಕು. ಪಿಸ್ಟನ್ನು ನಿಧಾನವಾಗಿ ಮೇಲೇರಿದರೆ ಗಾಳಿ ರಿಂಗುಗಳ ಸಂದಿಯಲ್ಲಿ ಸೋರುತ್ತದೆ, ಕಾವು ಸಿಲಿಂಡರಿನ ಗೋಡೆಗೆ ಹಂಚಿಹೋಗುತ್ತದೆ. ಹೀಗಾಗಿ ಬೇಕಿರುವುದು ಅಲ್ಪಕಾಲದ, ಆದರೆ ಅಬ್ಬರದ ಪ್ರವಾಹ; ಪಿಸ್ಟನ್ನು ಮೊದಲ ಸಲ ಅದುಮಿದ ಗಾಳಿಯನ್ನು ದಾಟುವ ಗಳಿಗೆಯಲ್ಲಿ ಬ್ಯಾಟರಿಯ ವೋಲ್ಟೇಜು ಕುಸಿಯಬಾರದು, ಅಷ್ಟೆ.

ಈ ಸತ್ಯವನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಭಾಗವೊಂದು ಆ ಎಂಜಿನ್ನಿನ ತಲೆಯ ಮೇಲೆಯೇ ಇದೆ. ಬೆರಳಿನಷ್ಟುದ್ದದ ಆ ಸನ್ನೆಯನ್ನು ಡಿಕಂಪ್ರೆಶನ್ ಲಿವರ್ ಎನ್ನುತ್ತಾರೆ. ಅದನ್ನು ಎತ್ತಿದಾಗ ಒಂದು ಕವಾಟ ತುಸು ತೆರೆದೇ ಉಳಿಯುತ್ತದೆ, ಸಿಲಿಂಡರಿನ ಗಾಳಿ ಅದುಮಿಕೊಳ್ಳದೆ ಹೊರಗೆ ಹೋಗುತ್ತದೆ, ಎಂಜಿನ್ನು ಹಗುರಾಗಿ ತಿರುಗುತ್ತದೆ. ತಿರುಗಿ ತಿರುಗಿ ಭಾರವಾದ ಫ್ಲೈವೀಲು ವೇಗ ಗಳಿಸಿಕೊಂಡ ಮೇಲೆ ಲಿವರನ್ನು ಬಿಟ್ಟರೆ ಕವಾಟ ಮುಚ್ಚಿಕೊಂಡು, ಫ್ಲೈವೀಲಿನ ರಭಸವೇ ಪಿಸ್ಟನ್ನನ್ನು ಮೇಲಕ್ಕೆ ಒಯ್ದು ಎಂಜಿನ್ನು ಹೊತ್ತಿಕೊಳ್ಳುತ್ತದೆ. ವಿದ್ಯುತ್ತು ಬರುವ ಮೊದಲು ಕರ್ನಾಟಕದ ತೋಟ ಗದ್ದೆಗಳಲ್ಲಿ ನೀರೆತ್ತುತ್ತಿದ್ದ ಡೀಸೆಲ್ ಪಂಪ್‌ಸೆಟ್ಟುಗಳನ್ನು ಹ್ಯಾಂಡಲ್ ಹಾಕಿ ತಿರುಗಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದು ಲಿವರಿನ ಮೇಲೆ, ಸದ್ದಿನ ಓಘ ಏರಿದ ಕ್ಷಣ ಲಿವರನ್ನು ಬೀಳಿಸುವ ಹದ. ದೋಣಿಯಲ್ಲಿ ಇದೇ ಲಿವರು ಸೋತ ಬ್ಯಾಟರಿಯ ಆಪ್ತಮಿತ್ರ. ಸಂಪೀಡನವನ್ನು ದಾಟಿಸಲಾರದೆ 'ಟಕ್' ಎಂದು ನಿಂತುಬಿಡುವ ಬ್ಯಾಟರಿಗೂ ಹೊರೆಯಿಲ್ಲದ ಎಂಜಿನ್ನನ್ನು ತಿರುಗಿಸುವ ಶಕ್ತಿ ಉಳಿದಿರುತ್ತದೆ. ಕೆಲವು ಸೆಕೆಂಡು ತಿರುಗಿಸಿ ಲಿವರು ಬಿಟ್ಟರೆ, ಬ್ಯಾಟರಿ ಒಮ್ಮೆಲೇ ಕೊಡಲಾರದ ಬಲವನ್ನು ಫ್ಲೈವೀಲು ಕೂಡಿಸಿಟ್ಟು ಕೊಟ್ಟಿರುತ್ತದೆ. ಈಚಿನ ಹಲವು ಎಂಜಿನ್ನುಗಳಲ್ಲಿ ಈ ಲಿವರೇ ಇಲ್ಲ. ಕೆಲವೇ ತುಣುಕು ಉಕ್ಕನ್ನು ಉಳಿಸಲು ತಯಾರಕರು ಕಡಲಿಗನ ಕೊನೆಯ ಆಸರೆಯನ್ನು ಕಿತ್ತುಕೊಂಡದ್ದು ದೊಡ್ಡ ನಷ್ಟವೆಂದೇ ಹೇಳಬೇಕು.

ಬ್ಯಾಟರಿ, ಸ್ಟಾರ್ಟರು, ಪುಟ್ಟ ಡೀಸೆಲ್ ಎಂಜಿನ್ನು ಈ ಮೂರರ ಇತಿಹಾಸ ಚಿಕ್ಕದು. ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಅದ್ದಿದ ಮರುಪೂರಣದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಯಾನ್ಮಾರ್ ತನ್ನ ಮೊದಲ ಪುಟ್ಟ ಡೀಸೆಲ್ ಎಂಜಿನ್ನನ್ನು ಹೊರತಂದದ್ದು 1933ರಲ್ಲಿ.

ಬ್ಯಾಟರಿಯ ಮೇಲಿನ ಅಂಕಿಗಳಲ್ಲಿ ಆಂಪಿಯರ್-ಗಂಟೆ ಎಂಬುದು ಸಂಗ್ರಹದ ಅಳತೆ, ಅಬ್ಬರದ ಅಳತೆಯಲ್ಲ. ಸಿಸಿಎ, ಅಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್, ಎಂಬುದು ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ, ವೋಲ್ಟೇಜು 7.2ಕ್ಕಿಂತ ಕೆಳಗಿಳಿಯದಂತೆ, 30 ಸೆಕೆಂಡು ಕೊಡಬಲ್ಲ ಪ್ರವಾಹ. ಹಿಮದಲ್ಲಿ ನಿಲ್ಲುವ ಕಾರುಗಳಿಗಾಗಿ ಹುಟ್ಟಿದ ಈ ಅಳತೆ ಕಡಲಿಗೆ ಅತಿ ಕಠಿಣ, ಏಕೆಂದರೆ ಸಮುದ್ರದ ನೀರು ಸೊನ್ನೆಗಿಂತ ಎರಡು ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅಳೆಯುವ ಎಂಸಿಎ ಎಂಬ ಮರೀನ್ ಅಳತೆ ಬಳಕೆಗೆ ಬಂದದ್ದು ಇದಕ್ಕಾಗಿಯೇ. ಎಂಸಿಎ ಅಂಕಿ ಅದೇ ಬ್ಯಾಟರಿಯ ಸಿಸಿಎಗಿಂತ ಸಹಜವಾಗಿಯೇ ದೊಡ್ಡದಾಗಿರುವುದರಿಂದ ಎರಡನ್ನೂ ಬೆರೆಸಿ ಹೋಲಿಸಬಾರದು. ಅಬ್ಬರದ ಪ್ರವಾಹಕ್ಕೆ ತೆಳುವಾದ ಹಲವಾರು ತಗಡುಗಳು ಬೇಕು, ದೀಪ ಫ್ರಿಜ್ಜುಗಳಿಗೆ ತಾಸುಗಟ್ಟಲೆ ಕೊಡಲು ದಪ್ಪ ತಗಡುಗಳು ಬೇಕು. ತೆಳು ತಗಡಿನ ಬ್ಯಾಟರಿಯನ್ನು ಪದೇ ಪದೇ ಬರಿದು ಮಾಡಿದರೆ ಅದು ಬೇಗನೆ ಹಾಳಾಗುತ್ತದೆ. ಆದ್ದರಿಂದಲೇ ಸ್ಟಾರ್ಟಿಂಗ್ ಬ್ಯಾಟರಿ ಪ್ರತ್ಯೇಕವಾಗಿರಬೇಕು, ಅದರಿಂದ ಒಂದು ದೀಪವನ್ನೂ ಉರಿಸಬಾರದು.

ದೊಡ್ಡ ಬ್ಯಾಟರಿಯ ವಿರುದ್ಧ ಇನ್ನೂ ಗಂಭೀರವಾದ ಮಾತೊಂದಿದೆ. ದೋಣಿಯ ಎಂಜಿನ್ನು ಸಮುದ್ರದ ನೀರನ್ನು ತಂಪಿಗಾಗಿ ಎಳೆದು, ಬಳಿಕ ಆ ನೀರನ್ನು ಹೊಗೆಯ ಕೊಳವೆಗೆ ಬಿಡುತ್ತದೆ. ಓಡುವ ಎಂಜಿನ್ನಿನ ಹೊಗೆಯ ಒತ್ತಡವೇ ಅದನ್ನು ಹೊರಗೆ ತಳ್ಳುತ್ತದೆ. ಎಂಜಿನ್ನು ಹೊತ್ತಿಕೊಳ್ಳದೆ ಸ್ಟಾರ್ಟರು ಮಾತ್ರ ತಿರುಗುತ್ತಿದ್ದರೆ ಪಂಪು ನೀರೆಳೆಯುತ್ತಲೇ ಇರುತ್ತದೆ, ತಳ್ಳುವ ಹೊಗೆಯಿಲ್ಲ. ಸೈಲೆನ್ಸರು ತುಂಬಿ ಉಪ್ಪುನೀರು ಹಿಂದಕ್ಕೆ ಸಿಲಿಂಡರಿಗೇ ಹರಿಯಬಹುದು. ನಿಮಿಷಗಟ್ಟಲೆ ತಿರುಗಿಸುವ ಸಾಮರ್ಥ್ಯದ ಬ್ಯಾಟರಿ ಹೀಗೆ ಎಂಜಿನ್ನನ್ನೇ ಮುಳುಗಿಸುವ ಸಾಧನವಾಗುತ್ತದೆ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಹೊತ್ತದ ಎಂಜಿನ್ನಿಗೆ ಬೇಕಿರುವುದು ಹೆಚ್ಚಿನ ಕರೆಂಟಲ್ಲ, ಡೀಸೆಲ್ ಕೊಳವೆಯೊಳಗೆ ಗಾಳಿ ಸೇರಿದೆಯೇ ಎಂಬ ತಪಾಸಣೆ. ಮತ್ತೆ ಮತ್ತೆ ತಿರುಗಿಸಬೇಕಾದಾಗ ಸಮುದ್ರದ ನೀರಿನ ಕವಾಟವನ್ನು ಮುಚ್ಚಿಟ್ಟು, ಹೊತ್ತಿದೊಡನೆ ತೆರೆಯುವುದು ಕಡಲಿಗರ ಕ್ರಮ.

ಬಗೆಗಳ ವಿಚಾರಕ್ಕೆ ಬಂದರೆ, ಡಿಸ್ಟಿಲ್ಡ್ ವಾಟರ್ ಹಾಕುವ ಹಳೆಯ ಬ್ಯಾಟರಿ ಅಗ್ಗ, ಆದರೆ ದೋಣಿ ವಾಲಿದಾಗ ಆಮ್ಲ ಚೆಲ್ಲಬಹುದು. ಅಂದಿನ ಬೊಂಬಾಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ 'ಸುಹೈಲಿ' ದೋಣಿಯಲ್ಲಿ 1968–69ರಲ್ಲಿ ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆ ಮಾಡಿದ ರಾಬಿನ್ ನಾಕ್ಸ್-ಜಾನ್ಸ್ಟನ್ ಅವರಿಗೆ ಪಯಣದ ನಡುವೆ ಬ್ಯಾಟರಿಯ ಆಮ್ಲ ಕಣ್ಣಿಗೇ ಸಿಡಿದಿತ್ತು. ಪುಣ್ಯಕ್ಕೆ ದೃಷ್ಟಿ ಉಳಿಯಿತು. ಗಾಜಿನ ನೂಲಿನ ಹಾಸಿನಲ್ಲಿ ಆಮ್ಲವನ್ನು ಹೀರಿಸಿಡುವ ಎಜಿಎಂ ಬ್ಯಾಟರಿಯಲ್ಲಿ ಈ ಭಯ ತೀರ ಕಡಿಮೆ, ಗಾತ್ರಕ್ಕೆ ಹೋಲಿಸಿದರೆ ಪ್ರವಾಹ ಹೆಚ್ಚು, ಸುಮ್ಮನಿದ್ದಾಗ ಸೋರಿಹೋಗುವ ಶಕ್ತಿಯೂ ಕಡಿಮೆ. ಮುಂಬಯಿ ಗೋವೆಗಳಲ್ಲಿ ಮಳೆಗಾಲವಿಡೀ ದಡ ಸೇರುವ ದೋಣಿಗಳಿಗೆ ಈ ಕೊನೆಯ ಗುಣ ಬಹಳ ಮುಖ್ಯ, ಏಕೆಂದರೆ ಅರೆತುಂಬಿದ ಸೀಸದ ತಗಡುಗಳ ಮೇಲೆ ಗಟ್ಟಿ ಸಲ್ಫೇಟ್ ಹರಳುಗಟ್ಟಿದರೆ ಮತ್ತೆ ಕರಗುವುದು ಕಷ್ಟ. ಲಿಥಿಯಂ ಬ್ಯಾಟರಿ ದೀಪಗಳಿಗೆ ಒಳ್ಳೆಯದೇ. ಸ್ಟಾರ್ಟರಿಗೆ ಅದನ್ನು ಹೊಗಳುವ ಉತ್ಸಾಹ ಅಕಾಲಿಕ. ಅದರೊಳಗಿನ ರಕ್ಷಣಾ ಮಂಡಲ ಎಂಜಿನ್ನು ಓಡುತ್ತಿರುವಾಗಲೇ ಸಂಪರ್ಕ ಕಡಿದುಕೊಂಡರೆ ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗಬಹುದು.

ದೊಡ್ಡ ಬ್ಯಾಟರಿಗೆ ಸುರಿಯುವ ಹಣವನ್ನು ಕೇಬಲ್ಲಿಗೆ ಹಾಕುವುದೇ ಲೇಸು. ಹೋಗುವುದು ಬರುವುದು ಸೇರಿ ನಾಲ್ಕು ಮೀಟರಿನ ತಾಮ್ರದ ಕೇಬಲ್ಲು 10 ಚದರ ಮಿಲಿಮೀಟರಿನದಾದರೆ 200 ಆಂಪಿಯರಿನಲ್ಲಿ 1.4 ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ. 35 ಚದರ ಮಿಲಿಮೀಟರಿನದಾದರೆ ನಷ್ಟ 0.4 ವೋಲ್ಟು ಮಾತ್ರ. ಹಸಿರುಗಟ್ಟಿದ ಒಂದೇ ಟರ್ಮಿನಲ್ಲು ಇದಕ್ಕಿಂತ ಹೆಚ್ಚು ನುಂಗಬಲ್ಲದು. ಎಂಜಿನ್ನಿನ ಕಾವು ತಟ್ಟದ, ಆದರೆ ಕೇಬಲ್ಲು ಚಿಕ್ಕದಾಗುವಷ್ಟು ಹತ್ತಿರದ ಜಾಗದಲ್ಲಿ ಪಟ್ಟಿ ಬಿಗಿದು ಕೂರಿಸಿದ, ಎಂಜಿನ್ ಕೈಪಿಡಿ ಕೇಳಿದಷ್ಟೇ ಗಾತ್ರದ ಎಜಿಎಂ ಬ್ಯಾಟರಿ ಇಂಥ ದೋಣಿಗೆ ಧಾರಾಳವಾಗಿ ಸಾಕು. ಚಾರ್ಜಿನ ವೋಲ್ಟೇಜು ಏರಿದಾಗ ಮಾತ್ರ ಸ್ಟಾರ್ಟಿಂಗ್ ಬ್ಯಾಟರಿಯನ್ನೂ ದೀಪಗಳ ಬ್ಯಾಟರಿಯನ್ನೂ ಜೋಡಿಸಿ, ಇಳಿದೊಡನೆ ಬಿಡಿಸುವ ರಿಲೇ ಒಂದಿದ್ದರೆ, ರಾತ್ರಿಯ ದೀಪಗಳು ಬೆಳಗಿನ ಸ್ಟಾರ್ಟಿನ ಪಾಲನ್ನು ತಿನ್ನಲಾರವು.